ಅಗುಳು ಹಿಚುಕಿ ನೋಡುವವರು

ಬಸವೇಶ್ವರನಗರದ ಒಂದು ಮಹಡಿಯಲ್ಲಿರುವ 10 ಮೀಟರ್ ಏರ್ ರೈಫಲ್ ರೇಂಜಿಗೆ ಹೊಸ ಪೆಲೆಟ್ ಡಬ್ಬಿಗಳು ಬಂದ ದಿನ ಆಯುಧಪೂಜೆಯ ಕಳೆ. ರೈಫಲನ್ನು ಕ್ಲ್ಯಾಂಪಿಗೆ ಬಿಗಿದು ಡಬ್ಬಿಗೆ ಐದರಂತೆ ಹೊಡೆಯುತ್ತಾರೆ. ತೂತು ಚಿಕ್ಕದಾಗಿ ಬಂದ ಡಬ್ಬಿಯನ್ನೆತ್ತಿ ಹಿರಿಯರೊಬ್ಬರು "ಈ ಲಾಟ್ ಚಿನ್ನ ಕಣ್ರೀ" ಅಂದರೆ ತೀರ್ಪು ಮುಗಿಯಿತು. ಮಿಕ್ಕ ಡಬ್ಬಿಗಳು ಕಲಿಯುವ ಹುಡುಗರ ಪಾಲು.

ಈ ಆಟದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ 0.5 ಮಿ.ಮೀ., ಪೆಲೆಟ್ಟಿನದು 4.5. ಗುರಿಗಿಂತ ಗುಂಡೇ ಒಂಬತ್ತು ಪಟ್ಟು ದಪ್ಪ! ಆದ್ದರಿಂದ 4.49, 4.50, 4.51 ಎಂದು ಕೂದಲು ಸೀಳುವವರನ್ನು ಕಂಡು ನಾನು ನಗುವುದಿಲ್ಲ. ನನ್ನ ತಕರಾರು ಆ 'ಐದು' ಎಂಬುದರ ಮೇಲೆ.

ಅಮೆರಿಕದ ಹವ್ಯಾಸಿಗಳು ಮನೆಯಲ್ಲೇ ಮದ್ದು ತೂಗಿ, ಗುಂಡು ಕೂರಿಸಿ ತೋಟಾ ಕಟ್ಟುತ್ತಾರೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ಅದು ಅಪರಾಧ. ಹಾಗಾಗಿ ನಮ್ಮ ಚಪಲವೆಲ್ಲ ಡಬ್ಬಿ ಆರಿಸುವುದರಲ್ಲೇ ತೀರಬೇಕು. ತಪ್ಪು ಮಾತ್ರ ಎರಡೂ ಕಡೆ ಒಂದೇ. ಅವರು ಮದ್ದಿನ ತೂಕ ಚೂರುಚೂರೇ ಏರಿಸುತ್ತ ಮೂರು ಮೂರು ಹೊಡೆದು ಚಿಕ್ಕ ಗ್ರೂಪನ್ನು, ಅಂದರೆ ತೂತುಗಳು ಒತ್ತೊತ್ತಾಗಿ ಬಿದ್ದ ಗುಂಪನ್ನು, ಆರಿಸುತ್ತಾರೆ, ನಾವು ಐದೈದು ಹೊಡೆದು.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ನಿಜ. ಪಾತ್ರೆಯ ಅಗುಳೆಲ್ಲ ಒಂದೇ ನೀರಿನಲ್ಲಿ ಕುದಿಯುವುದರಿಂದ ಸಾಕು. ಗುಂಡು ಹಾಗಲ್ಲ, ಒಂದೊಂದೂ ತನ್ನಿಷ್ಟಕ್ಕೆ ಚೆದುರುತ್ತದೆ. ಒಂದೇ ಡಬ್ಬಿಯಿಂದ ಮೂರು ಮೂರು ಹೊಡೆದಾಗ ಗ್ರೂಪಿನ ಸರಾಸರಿ ಅಗಲ 10 ಇದ್ದರೆ, ಐದೈದಕ್ಕೆ ಅದು ಸುಮಾರು 12.7, ಹತ್ತು ಹತ್ತಕ್ಕೆ 15.8. ಪೆಲೆಟ್ ಕೆಟ್ಟಿರುವುದಿಲ್ಲ, ನಾವು ಹೆಚ್ಚು ಹೊತ್ತು ನೋಡಿರುತ್ತೇವೆ, ಅಷ್ಟೇ. ಇನ್ನೂ ಮೋಜೆಂದರೆ, ಒಂದೇ ಡಬ್ಬಿಯ ಪೆಲೆಟ್ಟನ್ನು ಹತ್ತು ಡಬ್ಬಿಗೆ ಹಂಚಿ, ಒಂದೊಂದಕ್ಕೂ ಮೂರರಂತೆ ಹೊಡೆದು ನೋಡಿ: ಗೆದ್ದ ಡಬ್ಬಿಯ ಗ್ರೂಪು ಸರಾಸರಿಯ ಅರ್ಧದ ಆಸುಪಾಸಿಗೆ ಇಳಿದಿರುತ್ತದೆ. ಲಾಟರಿ ಹೊಡೆದವನನ್ನು ಜಾಣ ಅಂದ ಹಾಗಾಯಿತು.

ಕ್ಲ್ಯಾಂಪ್ ಇದೆಯಲ್ಲ ಅನ್ನುತ್ತಾರೆ. ಅದು ಕೈಯ ನಡುಕ ತೆಗೆಯುತ್ತದೆ, ಅದೃಷ್ಟವನ್ನಲ್ಲ. ಗ್ರೂಪಿನ ಅಗಲ ಅಳೆಯುವುದೂ ದಂಡ. ಅತಿ ದೂರದ ಎರಡು ತೂತು ಬಿಟ್ಟರೆ ಉಳಿದವು ಲೆಕ್ಕಕ್ಕೇ ಇಲ್ಲ. ಗ್ರೂಪಿನ ಮಧ್ಯಬಿಂದುವಿನಿಂದ ಪ್ರತಿ ತೂತಿನ ದೂರ ಅಳೆದು ಸರಾಸರಿ ತೆಗೆಯಬೇಕು. ಎರಡು ಲಾಟುಗಳನ್ನು ಸರದಿಯಂತೆ ಬದಲಿಸುತ್ತ ಇಪ್ಪತ್ತಿಪ್ಪತ್ತಾದರೂ ಹೊಡೆಯಬೇಕು. ಆಗಲೂ ಶೇ. 15ರ ವ್ಯತ್ಯಾಸ ಕಂಡರೆ ನಾನು ನಂಬುವುದಿಲ್ಲ.

ಒಂದು ವಾದಕ್ಕೆ ಮಾತ್ರ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. "ಡಬ್ಬಿಯ ಮೇಲೆ ಭರವಸೆಯಿದ್ದರೆ ಅರವತ್ತು ಹೊಡೆತದ ಪಂದ್ಯದಲ್ಲಿ ಕೈ ಸ್ಥಿರವಾಗಿರುತ್ತೆ ಸಾರ್," ಎಂದ ವಿಜಯನಗರದ ಹುಡುಗನೊಬ್ಬ. ಇರಬಹುದು. ಹಾಗಿದ್ದರೆ ಅದನ್ನು ತಾಯಿತ ಅನ್ನೋಣ, ಪರೀಕ್ಷೆ ಅನ್ನುವುದು ಬೇಡ. ಅವನಿಗೆ ಹೀಗೆಂದ ನನ್ನ ರೈಫಲ್ ಪೆಟ್ಟಿಗೆಯಲ್ಲೂ ಕಂಪನಿಯವರು ಐದು ಹೊಡೆದು ಕೊಟ್ಟ ಕಾರ್ಡು ಇನ್ನೂ ಇದೆ. ಒಂದೇ ತೂತು, ನೋಡಲು ಬಲು ಚೆಂದ.