ಬಿಸಿಲಿದೆಯಲ್ಲ ಎನ್ನುವವರಿಗೆ

ಹೊಸ ಅಣು ವಿದ್ಯುತ್ ಸ್ಥಾವರದ ಮಾತೆತ್ತಿದರೆ ಸಾಕು, ಕನ್ನಡದ ಪರಿಸರವಾದಿಗಳಲ್ಲಿ ಹೆಚ್ಚಿನವರ ಬಾಯಿಂದ ಬರುವ ಉತ್ತರ ಒಂದೇ: ಬಿಸಿಲಿದೆ, ಗಾಳಿಯಿದೆ, ಆ ಅಪಾಯದ ಗೊಡವೆ ನಮಗೇಕೆ? ಶಿರಸಿಯಲ್ಲೋ ಮೈಸೂರಿನಲ್ಲೋ ಕೂತು ಕೇಳಿದರೆ ಇದು ನ್ಯಾಯವಾದ ಮಾತು ಅನ್ನಿಸುತ್ತದೆ. ಆದರೆ ಅವರು ಹೇಳುವ ಬಿಸಿಲು ಬೀಳುವುದು ಶಿರಸಿಯ ಮೇಲಲ್ಲ. ರಾಯದುರ್ಗ, ಮಡಕಶಿರಾ, ಪಾವಗಡ, ಚಳ್ಳಕೆರೆಗಳ ಮೇಲೆ. ಆಂಧ್ರ, ಕರ್ನಾಟಕ ಎಂಬ ಎರಡು ಬಣ್ಣದಲ್ಲಿ ನಕ್ಷೆ ಬರೆದವರು ಏನೇ ಮಾಡಿರಲಿ, ಮಳೆ ಕೈಕೊಡುವ ವಿಷಯದಲ್ಲಿ ನಮ್ಮದೆಲ್ಲ ಒಂದೇ ಸೀಮೆ. 1953ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಹೋಳು ಮಾಡಿ ರಾಯದುರ್ಗವನ್ನು ಅನಂತಪುರಕ್ಕೆ ಸೇರಿಸಿದರು. ಮಡಕಶಿರಾ ಮೊದಲಿನಿಂದಲೂ ಅನಂತಪುರದ್ದೇ. 2022ರಲ್ಲಿ ಅದು ಶ್ರೀ ಸತ್ಯಸಾಯಿ ಎಂಬ ಹೊಸ ಜಿಲ್ಲೆಗೆ ಸೇರಿತು. ಇಲ್ಲಿ ಅಣು ಸ್ಥಾವರ ಕಟ್ಟುತ್ತೇನೆಂದು ಯಾರೂ ಬಂದಿಲ್ಲ, ಬರುವುದೂ ಇಲ್ಲ. ರಿಯಾಕ್ಟರಿಗೆ ಬೇಕಾದಷ್ಟು ನೀರು ನಮ್ಮ ಹಗರಿ ಹೊಳೆಯಲ್ಲಿ ಎಲ್ಲಿದೆ? ಆದರೂ ಆ ವಾದದಲ್ಲಿ ನಮ್ಮನ್ನು ಕೇಳದೆಯೇ ನಮ್ಮ ಬಯಲನ್ನು ಜಾಮೀನಾಗಿ ಇಡುತ್ತಿದ್ದಾರೆ. ನನ್ನ ತಕರಾರು ಅದರ ಬಗ್ಗೆ.

ಈ ನಿಲುವು ಬಂದದ್ದು ಉತ್ತರ ಕನ್ನಡದ ಕೈಗಾ ಅಣು ಸ್ಥಾವರದ ವಿರುದ್ಧ ನಡೆದ ಚಳವಳಿಯಿಂದ. ಆ ಚಳವಳಿಯನ್ನು ಹಗುರವಾಗಿ ನೋಡುವ ಉದ್ದೇಶ ನನಗಿಲ್ಲ. ಶಿವರಾಮ ಕಾರಂತರು ಎಂಬತ್ತು ದಾಟಿದ ಮೇಲೆ, 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ನಿಂತರು. ಸೋಲುತ್ತೇನೆಂದು ಗೊತ್ತಿದ್ದೂ ನಿಂತರು. ಅಂದು ಅವರು ಮತ್ತು ಅವರ ಜೊತೆಗಾರರು ಕೇಳಿದ ಪ್ರಶ್ನೆಗಳಲ್ಲಿ ಕೆಲವಕ್ಕೆ ಕಾಲವೇ ಉತ್ತರ ಕೊಟ್ಟಿತು. 1994ರ ಮೇ 13ರಂದು ಕಟ್ಟುತ್ತಿದ್ದ ಕೈಗಾ ಒಂದನೇ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ರಿಯಾಕ್ಟರ್ ಇನ್ನೂ ಶುರುವಾಗಿರಲಿಲ್ಲ, ಬದುಕಿಕೊಂಡೆವು. 2009ರಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಬೆರೆತ ಭಾರಜಲ ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ಮೈಗೆ ಹೋಯಿತು. ಇದು ಒಳಗಿನವರೇ ಯಾರೋ ಬೇಕೆಂದು ಮಾಡಿದ್ದು ಎಂದು ಅಣುಶಕ್ತಿಯ ಹಿರಿಯ ಅಧಿಕಾರಿಗಳೇ ಹೇಳಿದರು. ಹಾಗೆ ಹೇಳಿದ ಮೇಲೆ ಇನ್ನೂ ಹೆದರಿಕೆಯಾಗಬೇಕಲ್ಲವೆ?

ಆದರೆ ಈಚೆಯ ಇಪ್ಪತ್ತೈದು ವರ್ಷಗಳ ಕಡತವೂ ಇದೆ. ಕೈಗಾದ ನಾಲ್ಕು ಘಟಕಗಳು, ತಲಾ 220 ಮೆಗಾವ್ಯಾಟ್, ಓಡುತ್ತ ಬಂದಿವೆ. ಒಂದನೇ ಘಟಕ 2016ರ ಮೇ ತಿಂಗಳಿಂದ 2018ರ ಡಿಸೆಂಬರ್ ಕೊನೆಯವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ವಿಶ್ವದಾಖಲೆ ಬರೆಯಿತು. ಅದೇ ಗುಮ್ಮಟ ಬಿದ್ದ ಘಟಕ. ಅಲ್ಲಿನ ವಿದ್ಯುತ್ತು ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಕೆಯಾಗುತ್ತದೆ, ಆಂಧ್ರದ ಪಾಲೂ ಇದೆ. ಅಂದರೆ ಮಡಕಶಿರಾದಲ್ಲಿ ರಾತ್ರಿ ಉರಿಯುವ ಬಲ್ಬಿನಲ್ಲಿ ಕೈಗಾದ ಕಾಳಿ ನದಿ ದಂಡೆಯ ಅಣು ಒಂದಿಷ್ಟು ಇದೆ. ಇದನ್ನು ಹೇಳಿದರೆ ಅಣುಶಕ್ತಿ ಇಲಾಖೆಯ ವಕೀಲ ಅನ್ನುತ್ತಾರೆ. ಅನ್ನಲಿ.

ಇನ್ನು ಬಿಸಿಲಿನ ವಿಷಯ. ಪಾವಗಡದ ಸೌರ ಪಾರ್ಕು ಮಡಕಶಿರಾಕ್ಕೆ ನೆರೆಮನೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್. ಜಮೀನು ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು; ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಇದು ಜಾಣತನದ ಏರ್ಪಾಡು, ಒಪ್ಪುತ್ತೇನೆ. ಶೇಂಗಾ ಬಿತ್ತಿ ಮೋಡ ನೋಡಿಕೊಂಡು ಕೂರುತ್ತಿದ್ದ ರೈತನಿಗೆ ಮಳೆ ಬಂದರೂ ಬರದಿದ್ದರೂ ಬಾಡಿಗೆ ಬಂತು. ಹತ್ತು ಎಕರೆ ಇದ್ದವರು ಗೆದ್ದರು. ಒಂದು ಎಕರೆ ಇದ್ದವರ ಪಾಲಿಗೆ ವರ್ಷಕ್ಕೆ 21,000 ಎಂದರೆ ತಿಂಗಳಿಗೆ 1,750. ಜಮೀನೇ ಇಲ್ಲದವರಿಗೆ, ಕಳೆ ಕೀಳಲು, ಕಾಯಿ ಬಿಡಿಸಲು ಕೂಲಿಗೆ ಹೋಗುತ್ತಿದ್ದವರಿಗೆ, ಸೊನ್ನೆ. ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲವಾದ್ದರಿಂದ ಗುತ್ತಿಗೆ ಪತ್ರದಲ್ಲೂ ಇಲ್ಲ.

ಬೇಲಿಯ ಪಕ್ಕ ನಿಂತು ನೋಡಿದರೆ ವಿಷಯ ಇನ್ನಷ್ಟು ಸ್ಪಷ್ಟ. ತಂತಿಬೇಲಿಯ ಒಳಗೆ ಫಲಕಗಳ ಅಡಿಯಲ್ಲಿ ಹುಲ್ಲು ಬೆಳೆಯುತ್ತದೆ. ಅದನ್ನು ಕುಯ್ಯಲು ಸ್ಥಳೀಯರಿಗೆ ಕೂಲಿ ಕೊಡುತ್ತಾರೆ. ಬೇಲಿಯ ಹೊರಗೆ ಕುರಿಗಾರ ಮೇವು ಹುಡುಕುತ್ತ ಇನ್ನೂ ದೂರ ಹೋಗುತ್ತಾನೆ. ಧೂಳು ಕೂತರೆ ಫಲಕದ ವಿದ್ಯುತ್ತು ಇಳಿಯುತ್ತದೆ, ಅದಕ್ಕಾಗಿ ನೀರು ಬಿಟ್ಟು ಒರೆಸಬೇಕು. ಕುಡಿಯುವ ನೀರಿಗೇ ಬೋರು ಇಳಿಸುತ್ತ ಹೋಗುವ ತಾಲ್ಲೂಕಿನಲ್ಲಿ ಗಾಜು ತೊಳೆಯಲು ನೀರು! ಜಮೀನು ಕೊಟ್ಟ ಮನೆಯವರೇ ಸೆಕ್ಯುರಿಟಿ ಗಾರ್ಡಿನ ಸಮವಸ್ತ್ರ ಹಾಕಿಕೊಂಡು ಆ ಜಮೀನಿನ ಗೇಟು ಕಾಯುವುದೂ ಉಂಟು. ಇದು ಅನ್ಯಾಯ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲಾರೆ, ಗಾರ್ಡಿನ ಸಂಬಳ ಶೇಂಗಾಗಿಂತ ಗಟ್ಟಿ. ಆದರೆ ಇದಕ್ಕೆ ಪುಕ್ಕಟೆ ಬಿಸಿಲು ಎಂದು ಹೆಸರಿಡಬೇಡಿ.

ಲೆಕ್ಕಕ್ಕೆ ಬರೋಣ. ಸೌರ ಫಲಕ ವರ್ಷದ ಸರಾಸರಿಯಲ್ಲಿ ತನ್ನ ಸಾಮರ್ಥ್ಯದ ಕಾಲುಭಾಗ ಕೊಟ್ಟರೆ ದೊಡ್ಡದು. ಆ ಪ್ರಕಾರ ಇಡೀ ಪಾವಗಡ ವರ್ಷಕ್ಕೆ ಸುಮಾರು 450 ಕೋಟಿ ಯೂನಿಟ್. ಕೈಗಾದ 880 ಮೆಗಾವ್ಯಾಟ್, ಶೇ. 85ರಷ್ಟು ಓಡಿದರೆ, ಸುಮಾರು 650 ಕೋಟಿ. ಈಗ ವಿವಾದದಲ್ಲಿರುವ ಕೈಗಾ 5 ಮತ್ತು 6, ತಲಾ 700 ಮೆಗಾವ್ಯಾಟಿನವು, ಅದೇ ಲೆಕ್ಕದಲ್ಲಿ ಸಾವಿರ ಕೋಟಿ ಯೂನಿಟ್ ದಾಟುತ್ತವೆ. ಅವೆರಡು ಬೇಡ, ಸೂರ್ಯ ಸಾಕು ಅನ್ನುವವರು ಎರಡೂಕಾಲು ಪಾವಗಡ ಕೇಳುತ್ತಿದ್ದಾರೆ, ಅಂದರೆ ಮೂವತ್ತು ಸಾವಿರ ಎಕರೆಯ ಹತ್ತಿರ. ಎಲ್ಲಿಯದು ಆ ನೆಲ? ಶಿರಸಿಯ ಅಡಿಕೆ ತೋಟ ಅಲ್ಲವಲ್ಲ. ಸರಕಾರದ ಕಡತದಲ್ಲಿ ಬಂಜರು ಎಂದು ಬರೆದ ನೆಲ. ರಾಯದುರ್ಗದ ಕಣೇಕಲ್ಲು, ಬೊಮ್ಮನಹಾಳು ಕಡೆ ಹಗರಿಯ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ಬಂದು ಕೂರುತ್ತದೆ. ದರ್ಗಾ ಹೊನ್ನೂರಿನ ಮರಳ ದಿಬ್ಬ ನೋಡಿದ ಯಾವ ಅಧಿಕಾರಿಯೂ ಇದು ಫಲಕಕ್ಕೆ ಹೇಳಿ ಮಾಡಿಸಿದ ಜಾಗ ಅನ್ನುತ್ತಾನೆ. ಆ ಮರಳಿನ ನಡುವೆಯೂ ಜನ ಬಿತ್ತುತ್ತಾರೆ ಎಂಬುದು ಉಪಗ್ರಹದ ಚಿತ್ರದಲ್ಲಿ ಕಾಣುವುದಿಲ್ಲ.

ಅಗ್ಗದ ಮಾತೂ ಇದೆ. ಹರಾಜಿನಲ್ಲಿ ಸೌರ ವಿದ್ಯುತ್ತು ಯೂನಿಟ್ಟಿಗೆ ಎರಡೂವರೆ ರೂಪಾಯಿ ಆಸುಪಾಸಿಗೆ ಇಳಿದದ್ದು ನಿಜ. ಅದು ಮಧ್ಯಾಹ್ನದ ದರ. ಹಗಲಲ್ಲೇ ಪಂಪು ಓಡಿಸುವ ರೈತನಿಗೆ ಅದರಿಂದ ನಿಜವಾಗಿಯೂ ಒಳ್ಳೆಯದಾಯಿತು. ಕತ್ತಲಲ್ಲಿ ಹಾವು ತುಳಿಯುತ್ತ ಮೋಟರು ಹಾಕಲು ಹೋಗುವುದು ತಪ್ಪಿತು. ಆದರೆ ಸಂಜೆ ಏಳಕ್ಕೆ ಊರೆಲ್ಲ ದೀಪ, ಟೀವಿ, ಫ್ಯಾನು ಹಾಕುವ ಹೊತ್ತಿಗೆ ಪಾವಗಡ ಮಲಗಿರುತ್ತದೆ. ಆ ಹೊತ್ತಿಗೆ ವಿದ್ಯುತ್ತು ಕೊಡಲು ಬ್ಯಾಟರಿ ಬೇಕು, ಇಲ್ಲವೆ ಹಗಲು ನೀರೆತ್ತಿ ರಾತ್ರಿ ಇಳಿಸುವ ಯೋಜನೆ ಬೇಕು. ಕರ್ನಾಟಕ ಅದಕ್ಕೆ ಆರಿಸಿದ್ದು ಯಾವ ಜಾಗ? ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವಿನ ಶರಾವತಿ ಕಣಿವೆ. 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ, ಸಿಂಗಳೀಕಗಳ ಅಭಯಾರಣ್ಯದೊಳಗೆ. ಅದನ್ನು ಅತ್ಯಂತ ಗಟ್ಟಿಯಾಗಿ ವಿರೋಧಿಸುತ್ತಿರುವವರು ಯಾರು? ಕೈಗಾ ಬೇಡ, ಬಿಸಿಲು ಸಾಕು ಅನ್ನುವವರೇ. ಶರಾವತಿಯ ವಿಷಯದಲ್ಲಿ ನಾನೂ ಅವರ ಜೊತೆಗಿದ್ದೇನೆ. ಆದರೆ ಬಿಸಿಲನ್ನು ರಾತ್ರಿಗೆ ಕಟ್ಟಿಡುವ ಖರ್ಚು ಯಾರ ಕಾಡಿಗೆ, ಯಾರ ಹೊಲಕ್ಕೆ ಬೀಳುತ್ತದೆ ಎಂದು ಹೇಳದೆ ಬಿಸಿಲಿನ ಹೆಸರು ಹೇಳಿದರೆ ಅದು ವಾದವಾಗುವುದಿಲ್ಲ.

ತಾರಸಿ ಮೇಲೆ ಹಾಕಿಕೊಳ್ಳಲಿ ಅನ್ನುತ್ತಾರೆ. ಒಳ್ಳೆಯದು. ಬೆಂಗಳೂರಿನ ತಾರಸಿಗಳಿಂದಲೇ ಶುರುವಾಗಲಿ, ನಮ್ಮ ಹೊಲಗಳ ಸರದಿ ಕೊನೆಗೆ ಬರಲಿ. ಇಲ್ಲಿಯವರೆಗೆ ನಡೆದದ್ದು ತಿರುಗುಮುರುಗಾಗಿ.

ವಿಕಿರಣದ ಭಯ ಸುಳ್ಳೇ ಹಾಗಾದರೆ? ಸುಳ್ಳಲ್ಲ, ಆದರೆ ಅದನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೇವೆ. ಚೆರ್ನೋಬಿಲ್, ಫುಕುಶಿಮಾ ಎಂದು ರಿಯಾಕ್ಟರಿನ ಗುಮ್ಮಟವನ್ನೇ ನೋಡುತ್ತ ಕೂತವರಿಗೆ ಅಣುವಿನ ಮೊದಲ ತುದಿ ಕಾಣಿಸಲಿಲ್ಲ. ಅನಂತಪುರಕ್ಕೆ ಅಂಟಿಕೊಂಡ ಕಡಪ ಜಿಲ್ಲೆಯ ತುಮ್ಮಲಪಲ್ಲೆಯಲ್ಲಿ ಯುರೇನಿಯಂ ಗಣಿಯಿದೆ. ಅದಿರನ್ನು ಅರೆದು, ಕ್ಷಾರದಲ್ಲಿ ಕರಗಿಸಿ, ಯುರೇನಿಯಂ ತೆಗೆದು, ಉಳಿದ ಕೆಸರನ್ನು ಹತ್ತಿರದ ಕೊಳಕ್ಕೆ ಬಿಡುತ್ತಾರೆ. ಸುತ್ತಲಿನ ಬಾಳೆ ಬೆಳೆಗಾರರು ಬೋರಿನ ನೀರು ಕೆಟ್ಟಿತು, ತೋಟ ಒಣಗಿತು ಎಂದು ವರ್ಷಗಟ್ಟಲೆ ಅಲೆದರು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯೂ ಕೊಳದ ತಳಕ್ಕೆ ಸರಿಯಾದ ಹೊದಿಕೆ ಇಲ್ಲವೆಂದು ನೋಟಿಸು ಕೊಟ್ಟಿತು. ಕೈಗಾ ವಿರುದ್ಧ ಪಾದಯಾತ್ರೆ ಮಾಡಿದ ನಮ್ಮ ನಾಡಿನಿಂದ ತುಮ್ಮಲಪಲ್ಲೆಗೆ ಹೋದವರು ಎಷ್ಟು ಮಂದಿ?

ರಾಯದುರ್ಗದ ಗಡಿ ದಾಟಿದರೆ ಚಳ್ಳಕೆರೆ ತಾಲ್ಲೂಕು. ಅಲ್ಲಿನ ಅಮೃತ ಮಹಲ್ ಕಾವಲು ಎಂಬ ಹುಲ್ಲುಗಾವಲುಗಳಲ್ಲಿ ರಕ್ಷಣಾ ಸಂಶೋಧನೆಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ, ಇಸ್ರೋಗೆ ಜಮೀನು ಹಂಚಿದಾಗ ಉಳ್ಳಾರ್ತಿ ಕಾವಲಿನ 1,810 ಎಕರೆ ಭಾಭಾ ಅಣು ಸಂಶೋಧನಾ ಕೇಂದ್ರದ ಪಾಲಿಗೆ ಹೋಯಿತು, ಯುರೇನಿಯಂ ಪುಷ್ಟೀಕರಣದ ಘಟಕಕ್ಕಾಗಿ. ಮಳೆ ಹೋದ ವರ್ಷ ಕುರಿ, ದನ ಉಳಿಸಿಕೊಳ್ಳಲು ಕಾವಲನ್ನೇ ನಂಬಿದ್ದ ಹಟ್ಟಿಗಳಿಗೆ ಎದುರಾದದ್ದು ಗೋಡೆ. ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದರೂ ಗೋಡೆ ಬೀಳಲಿಲ್ಲ. ಆ ಕುರಿಗಾರನನ್ನು ಕೇಳಿದರೆ ಅಣುವಿನ ಗೋಡೆಗೂ ಸೂರ್ಯನ ಬೇಲಿಗೂ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ.

ಇಷ್ಟು ಹೇಳಿದೆನೆಂದು ಅಣುವಿನ ಹೊಸ ಉತ್ಸಾಹಿಗಳು ನನ್ನನ್ನು ತಮ್ಮ ಪಂಗಡಕ್ಕೆ ಸೇರಿಸಿಕೊಳ್ಳಬೇಕಿಲ್ಲ. 2025ರ ಬಜೆಟ್ಟಿನಲ್ಲಿ ಕೇಂದ್ರ ಸರಕಾರ 2047ಕ್ಕೆ ನೂರು ಗಿಗಾವ್ಯಾಟ್ ಅಣು ವಿದ್ಯುತ್ತು ಎಂದು ಘೋಷಿಸಿತು; ಚಿಕ್ಕ ರಿಯಾಕ್ಟರುಗಳ ಸಂಶೋಧನೆಗೆ 20,000 ಕೋಟಿ ರೂಪಾಯಿ ಇಟ್ಟಿತು. ಅರವತ್ತು ವರ್ಷ ದುಡಿದು ಮುಟ್ಟಿದ್ದು ಒಂಬತ್ತು ಗಿಗಾವ್ಯಾಟಿನ ಹತ್ತಿರ. ಕಾಕ್ರಾಪಾರದ ಮೂರನೇ ಘಟಕ, 700 ಮೆಗಾವ್ಯಾಟಿನ ನಮ್ಮ ಮೊದಲ ರಿಯಾಕ್ಟರ್, 2010ರಲ್ಲಿ ಶುರುವಾಗಿ ವಾಣಿಜ್ಯ ಉತ್ಪಾದನೆಗೆ ಬಂದದ್ದು 2023ರಲ್ಲಿ. ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ಕಟ್ಟಲು ತೊಡಗಿದ್ದು 2004ರಲ್ಲಿ. ಅದರ ಒಡಲು ತುಂಬುವ ಕೆಲಸ ಶುರುವಾದದ್ದು 2024ರಲ್ಲಿ.

ಆಂಧ್ರದ ಪಾಲಿಗೆ ಬಂದದ್ದು ಶ್ರೀಕಾಕುಳಂನ ಕೊವ್ವಾಡ. ಗುಜರಾತಿನ ಮೀಠಿ ವಿರ್ಡಿಯಲ್ಲಿ ಜನ ಬೇಡವೆಂದ ಮೇಲೆ ಅಮೆರಿಕದ ವೆಸ್ಟಿಂಗ್‌ಹೌಸ್ ರಿಯಾಕ್ಟರುಗಳನ್ನು ಈ ಮೀನುಗಾರರ ಊರಿಗೆ ತರಲು ಹೊರಟರು: ಆರು ಘಟಕ, ಒಂದೊಂದೂ 1,208 ಮೆಗಾವ್ಯಾಟ್. ಇದೇ ಮಾದರಿಯ ಎರಡು ಘಟಕ ಅಮೆರಿಕದ ಜಾರ್ಜಿಯಾದ ವೋಗ್ಟಲ್‌ನಲ್ಲಿ 14 ಬಿಲಿಯನ್ ಡಾಲರಿನ ಅಂದಾಜಿನಿಂದ ಹೊರಟು 30 ಬಿಲಿಯನ್ ದಾಟಿದವು, ಏಳು ವರ್ಷ ತಡವಾಗಿ 2023 ಮತ್ತು 2024ರಲ್ಲಿ ಮುಗಿದವು. ನಡುವೆ 2017ರಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತ್ತು. ಕಂಪನಿಯ ತವರಲ್ಲೇ ಹೀಗಾದರೆ ಕೊವ್ವಾಡದ ಬಿಲ್ಲು ಯಾರು ಕಟ್ಟುವುದು? 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಶಾಂತಿ ಎಂಬ ಹೆಸರಿನ ಕಾಯ್ದೆ 2010ರ ಹೊಣೆಗಾರಿಕೆ ಕಾನೂನನ್ನು ತೆಗೆದುಹಾಕಿ ಖಾಸಗಿಯವರಿಗೂ ಬಾಗಿಲು ತೆರೆಯಿತು. ಉಪಕರಣ ಪೂರೈಸಿದವರ ಕೊರಳಿಗೆ ಬೀಳುತ್ತಿದ್ದ ಕುಣಿಕೆಯನ್ನೂ ಸಡಿಲಿಸಿತು. ಅಣುವಿನ ಹೊಸ ಯೋಜನೆಗಳನ್ನು ವಿರೋಧಿಸಬೇಕಾದ ಜಾಗ ಇದು: ಹಣ, ಕಾಲ, ಹೊಣೆ. ಕೊವ್ವಾಡ ಬೇಡ ಎನ್ನುತ್ತೇನೆ. ಕೈಗಾ 5 ಮತ್ತು 6, ನಾವೇ ಕಟ್ಟಲು ಕಲಿತ ಮಾದರಿ, ಈಗಾಗಲೇ ಸ್ಥಾವರವಿರುವ ಆವರಣದಲ್ಲಿ, ಮೂವತ್ತು ಸಾವಿರ ಎಕರೆಗಿಂತ ಲೇಸು ಎಂದೂ ಎನ್ನುತ್ತೇನೆ. ಕಾಳಿ ಕಣಿವೆಯ ಜನ ಅಣೆಕಟ್ಟು, ಸ್ಥಾವರ ಎಂದು ಆಗಲೇ ಸಾಕಷ್ಟು ಕೊಟ್ಟಿದ್ದಾರೆ, ಗೊತ್ತು. ಅವರ ನೋವಿನ ಮುಂದೆ ನಮ್ಮದು ಸಣ್ಣದೆಂದು ಮೊದಲೇ ತೀರ್ಮಾನವಾಗಿರುವುದಕ್ಕೆ ಮಾತ್ರ ನನ್ನ ಆಕ್ಷೇಪ.

ಆ ತೀರ್ಮಾನ ಕಾನೂನಿನಲ್ಲೇ ಇದೆ. ಗುಟ್ಟಿನ ಇಲಾಖೆ ಎಂದು ನಾವು ಬೈಯುವ ಅಣುಶಕ್ತಿಯವರು ಕೈಗಾ 5, 6ಕ್ಕಾಗಿ 2018ರ ಡಿಸೆಂಬರಿನಲ್ಲಿ ಸಾರ್ವಜನಿಕ ಅಹವಾಲು ಸಭೆ ಎದುರಿಸಬೇಕಾಯಿತು. ಜನ ಬಂದು ಬೇಡವೆಂದು ಕೂಗಿದರು. ಮಾರನೆಯ ವರ್ಷ ಅನುಮತಿ ಸಿಕ್ಕಿಯೇಬಿಟ್ಟಿತು, ಆ ಮಾತು ಬೇರೆ. ಕೂಗಿದ್ದಾದರೂ ದಾಖಲೆಗೆ ಹೋಯಿತು. 13,000 ಎಕರೆಯ ಸೌರ ಪಾರ್ಕಿಗೆ ಅಂಥ ಸಭೆಯೇ ಬೇಕಿಲ್ಲ. ಸೌರ ಫಲಕದ ಯೋಜನೆಗಳನ್ನು ಪರಿಸರ ಪರಿಣಾಮದ ಅಧಿಸೂಚನೆಯಿಂದಲೇ ಹೊರಗಿಟ್ಟಿದ್ದಾರೆ, ಹಸಿರು ಎಂಬ ಕಾರಣಕ್ಕೆ. ಗುತ್ತಿಗೆ ಪತ್ರಕ್ಕೆ ಸಹಿ ಹಾಕುವ ಪಟ್ಟಾದಾರನಿಗೆ ಮಾತಿದೆ. ಅದೇ ಹೊಲದಲ್ಲಿ ಕುರಿ ಮೇಯಿಸುವವನಿಗೆ, ಕಳೆ ಕೀಳುವವಳಿಗೆ ಇಲ್ಲ. ಇಷ್ಟು ಎಕರೆಗಿಂತ ದೊಡ್ಡ ಯಾವ ಸೌರ ಪಾರ್ಕಿಗೂ ಸಾರ್ವಜನಿಕ ಅಹವಾಲು ಕಡ್ಡಾಯ ಎಂದು ಅಧಿಸೂಚನೆಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು. ಮುಂದಿನ ಪಾರ್ಕು ಕಣೇಕಲ್ಲಿಗೋ ಮಡಕಶಿರಾ ಕಡೆಯ ಅಮರಾಪುರಕ್ಕೋ ಬರುವಾಗ ಆ ಸಭೆ ಅಲ್ಲೇ, ಕನ್ನಡದಲ್ಲೂ ತೆಲುಗಿನಲ್ಲೂ ನಡೆಯಲಿ. ಕೈಗಾ ವಿರೋಧಿಗಳು ಬಸ್ಸು ಹತ್ತಿ ಅದಕ್ಕೂ ಬರಲಿ, ನಮ್ಮವರು ಏನು ಹೇಳುತ್ತಾರೆಂದು ಕೇಳಲಿ.