ಎತ್ತದೆ ಉಳಿದ ಕೈಗಳು

ಪ್ರಜಾಪ್ರಭುತ್ವ ಇರುವ ದೇಶಗಳು ಪರಸ್ಪರ ಯುದ್ಧ ಮಾಡುವುದಿಲ್ಲ ಎಂಬ ಮಾತು ರಾಜ್ಯಶಾಸ್ತ್ರದ ತರಗತಿಗಳಲ್ಲಿ ಆಗಾಗ ಕೇಳಿಬರುತ್ತದೆ. ಇದರ ಬೇರು ಇರುವುದು ಇಮ್ಯಾನುಯೆಲ್ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಕುರಿತು ಬರೆದ ಪುಟ್ಟ ಪ್ರಬಂಧದಲ್ಲಿ. ಅವನ ತರ್ಕ ಸರಳ. ರಾಜನಿಗೆ ಯುದ್ಧದಿಂದ ಏನೂ ನಷ್ಟವಿಲ್ಲ. ಅವನ ಊಟ, ಬೇಟೆ, ಅರಮನೆಯ ಉತ್ಸವ ಎಲ್ಲ ಹಾಗೇ ನಡೆಯುತ್ತವೆ. ಆದರೆ ಯುದ್ಧಕ್ಕೆ ಪ್ರಜೆಗಳ ಒಪ್ಪಿಗೆ ಬೇಕೆಂದಾದರೆ, ಕಾದಾಡುವವರೂ ಹಣ ತೆರುವವರೂ ಸಾಲ ಹೊರುವವರೂ ತಾವೇ ಆದ್ದರಿಂದ ಅವರು ಹತ್ತು ಸಲ ಯೋಚಿಸುತ್ತಾರೆ. 1983ರಲ್ಲಿ ಅಮೆರಿಕದ ವಿದ್ವಾಂಸ ಮೈಕೇಲ್ ಡಾಯ್ಲ್ ಈ ತರ್ಕವನ್ನು ಚರಿತ್ರೆಯ ಜೊತೆಗಿಟ್ಟು ನೋಡಿದರು. ಉದಾರವಾದಿ ರಾಷ್ಟ್ರಗಳು ತಮ್ಮತಮ್ಮೊಳಗೆ ಕಾದಾಡುವುದಿಲ್ಲ, ಆದರೆ ಉಳಿದವರೊಡನೆ ಕಾದಾಡಲು ಹಿಂಜರಿಯುವುದೂ ಇಲ್ಲ ಎಂಬುದು ಅವರ ವಾದ.

ಕಾಂಟನ ಈ ನಂಬಿಕೆಯನ್ನು ಒರೆಗೆ ಹಚ್ಚುವ ಗ್ರಂಥವೊಂದು ಅವನಿಗಿಂತ ಎರಡು ಸಾವಿರ ವರ್ಷ ಹಿಂದೆಯೇ ಬಂದಿತ್ತು. ಅದು ಥುಸಿಡಿಡೀಸ್ ಬರೆದ ಪೆಲೊಪೊನೇಸಿಯನ್ ಯುದ್ಧದ ಚರಿತ್ರೆ. ಅಥೆನ್ಸಿನಲ್ಲಿ ಕೈಯೆತ್ತಿ ಮತ ಹಾಕಿದವರೇ ಮರುದಿನ ಹಡಗಿನ ಹುಟ್ಟು ಹಿಡಿಯುತ್ತಿದ್ದರು. ಕಾಂಟ್ ಹೇಳಿದ ಎಚ್ಚರ ಎಲ್ಲಾದರೂ ಕೆಲಸ ಮಾಡಬೇಕಿದ್ದರೆ ಇಲ್ಲಿ ಮಾಡಬೇಕಿತ್ತು.

ಕ್ರಿ.ಪೂ. 415ರಲ್ಲಿ ಸಿಸಿಲಿಯ ಮೇಲೆ ದಂಡೆತ್ತಿ ಹೋಗುವ ಪ್ರಶ್ನೆ ಸಭೆಯ ಮುಂದೆ ಬಂತು. ಆ ದ್ವೀಪ ಎಷ್ಟು ದೊಡ್ಡದು, ಅಲ್ಲಿ ಎಷ್ಟು ಜನರಿದ್ದಾರೆ ಎಂಬುದೇ ಹೆಚ್ಚಿನವರಿಗೆ ತಿಳಿದಿರಲಿಲ್ಲ. ಆದರೂ 60 ಹಡಗು ಕಳಿಸಲು ಒಪ್ಪಿದರು. ಕೆಲವೇ ದಿನಗಳಲ್ಲಿ ಮತ್ತೆ ಸಭೆ ಸೇರಿದಾಗ ದಂಡನಾಯಕ ನಿಸಿಯಾಸ್ ಈ ಸಾಹಸ ಬೇಡವೆಂದ. ಮಾತು ನಾಟದಿದ್ದಾಗ ಒಂದು ಉಪಾಯ ಹೂಡಿದ: ಇದಕ್ಕೆ ಭಾರೀ ಸೈನ್ಯ ಬೇಕು, ಅಪಾರ ಖರ್ಚಾಗುತ್ತದೆ ಎಂದು ಲೆಕ್ಕ ಒಪ್ಪಿಸಿದ. ಖರ್ಚು ಕೇಳಿ ಜನ ಹಿಂಜರಿಯುತ್ತಾರೆಂಬುದು ಅವನ ಎಣಿಕೆ. ಕಾಂಟನ ಎಣಿಕೆಯೂ ಅದೇ. ಆದದ್ದು ತಿರುವುಮುರುವು. ಅಷ್ಟು ದೊಡ್ಡ ಪಡೆ ಹೋದರೆ ಗೆಲುವು ಖಂಡಿತ ಎಂದು ಜನರ ಹುರುಪು ಇಮ್ಮಡಿಯಾಯಿತು. ಹರೆಯದವರಿಗೆ ದೂರದ ನಾಡು ನೋಡುವ ಆಸೆ, ಸಾಮಾನ್ಯ ಸೈನಿಕನಿಗೆ ನಿಲ್ಲದ ಸಂಬಳದ ಆಸೆ.

ಈ ಪ್ರಸಂಗದ ನಡುವೆ ಥುಸಿಡಿಡೀಸ್ ಒಂದು ವಿವರ ಸೇರಿಸುತ್ತಾನೆ. ಈ ಯುದ್ಧ ಬೇಡವೆನಿಸಿದವರೂ ಸಭೆಯಲ್ಲಿದ್ದರು. ವಿರುದ್ಧವಾಗಿ ಕೈಯೆತ್ತಿದರೆ ತಮ್ಮನ್ನು ನಾಡದ್ರೋಹಿಗಳೆಂದುಕೊಂಡಾರು ಎಂದು ಅಂಜಿ ಅವರು ಸುಮ್ಮನೆ ಕೂತರು. ಇಡೀ ಗ್ರಂಥದಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಈ ಮಾತು. ಅಂದು ಮತ ಹಾಕುವ ಹಕ್ಕು ಯಾರ ಕೈತಪ್ಪಿಯೂ ಹೋಗಿರಲಿಲ್ಲ. ಅದನ್ನು ಬಳಸುವ ಧೈರ್ಯಕ್ಕೆ ಮಾತ್ರ ಸಭೆಯಲ್ಲಿ ಜಾಗವಿರಲಿಲ್ಲ.

ಇನ್ನೊಂದು ವ್ಯಂಗ್ಯವೂ ಉಂಟು. ಅಥೆನ್ಸಿನ ಎದುರಾಳಿ ಸಿರಕ್ಯೂಸ್ ಕೂಡ ಪ್ರಜಾಪ್ರಭುತ್ವವೇ. ತಮ್ಮಂತೆಯೇ ಆಳಿಕೊಳ್ಳುವ ನಗರವನ್ನು ಎದುರಿಸಬೇಕಾದ್ದರಿಂದಲೇ ಅಥೆನ್ಸಿನವರಿಗೆ ಗೆಲುವು ಕಷ್ಟವಾಯಿತು ಎಂದು ಥುಸಿಡಿಡೀಸ್ ಗುರುತಿಸುತ್ತಾನೆ. 413ರಲ್ಲಿ ಸೋತು ಸೆರೆಸಿಕ್ಕವರು 7000ಕ್ಕೆ ಕಡಿಮೆಯಿರಲಿಲ್ಲ. ಅವರನ್ನು ಕಲ್ಲುಗಣಿಗಳಲ್ಲಿ ಕೂಡಿಹಾಕಿದರು. ಸುದ್ದಿ ಮುಟ್ಟಿದಾಗ ಅಥೆನ್ಸಿನ ಜನ ಭಾಷಣಕಾರರ ಮೇಲೆ ಹರಿಹಾಯ್ದರು, ಮತ ಹಾಕಿದ್ದು ತಾವಲ್ಲವೇ ಅಲ್ಲ ಎಂಬಂತೆ.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಕಾಂಟ್ ಮೆಚ್ಚಿದ್ದು ಪ್ರಾತಿನಿಧಿಕ ಗಣರಾಜ್ಯವನ್ನು. ಜನ ನೇರವಾಗಿ ಆಳುವ ಪದ್ಧತಿ ಅವನ ದೃಷ್ಟಿಯಲ್ಲಿ ನಿರಂಕುಶತೆಯೇ. ಹೆಂಗಸರಿಗೂ ಗುಲಾಮರಿಗೂ ಮತವಿಲ್ಲದ ಅಥೆನ್ಸನ್ನು ಇಂದಿನ ಪ್ರಜಾಪ್ರಭುತ್ವದ ಪಕ್ಕ ನಿಲ್ಲಿಸುವಂತೆಯೂ ಇಲ್ಲ. ಒಪ್ಪಬೇಕಾದ ಮಾತು. ಆದರೆ ನಾಡದ್ರೋಹಿ ಎನಿಸಿಕೊಳ್ಳುವ ಅಂಜಿಕೆ ಪ್ರತಿನಿಧಿಗಳಿಗೆ ಇರುವುದಿಲ್ಲವೇ? ಎರಡನೆಯದು, ಥುಸಿಡಿಡೀಸ್ ತಾನೇ ಸೋತು ಇಪ್ಪತ್ತು ವರ್ಷ ಗಡೀಪಾರಾದ ದಂಡನಾಯಕ. ಪ್ರಜಾಪ್ರಭುತ್ವದ ಮೇಲೆ ಅವನಿಗೆ ಮುನಿಸಿತ್ತು ಎನ್ನಬಹುದು. ಬರೀ ಮುನಿಸಿದ್ದರೆ ಅವನು ಮಿಟಿಲೀನ್ ಪ್ರಸಂಗವನ್ನು ಅಷ್ಟು ಚೆನ್ನಾಗಿ ಬರೆಯುತ್ತಿರಲಿಲ್ಲ.

427ರಲ್ಲಿ ಬಂಡೆದ್ದ ಮಿಟಿಲೀನಿನ ಗಂಡಸರನ್ನೆಲ್ಲ ಕೊಲ್ಲಬೇಕೆಂದು ಇದೇ ಸಭೆ ನಿರ್ಣಯಿಸಿ ಹಡಗು ಕಳಿಸಿತ್ತು. ಮರುದಿನ ಜನರಿಗೆ ಕಸಿವಿಸಿಯಾಗಿ ಮತ್ತೆ ಚರ್ಚೆ ನಡೆಯಿತು. ಕ್ಲಿಯಾನ್ ಕೊಲ್ಲಲೇಬೇಕೆಂದ, ಡಯೋಡೋಟಸ್ ಬೇಡವೆಂದ. ಸ್ವಲ್ಪವೇ ಅಂತರದಲ್ಲಿ ನಿರ್ಣಯ ಬದಲಾಯಿತು. ಎರಡನೆಯ ಹಡಗಿನವರು ಹುಟ್ಟು ಹಾಕುತ್ತಲೇ ಊಟ ಮಾಡಿ, ಸರದಿಯ ಮೇಲೆ ಮಲಗಿ, ಕೊಲೆ ಶುರುವಾಗುವ ಮೊದಲು ದಡ ಮುಟ್ಟಿದರು. ಬಂಡಾಯದ ಮುಂದಾಳುಗಳು ಉಳಿಯಲಿಲ್ಲ, ಊರು ಉಳಿಯಿತು. ಅದೇ ಜನ, ಅದೇ ಕಟ್ಟಳೆ. ಬೇಡವೆನ್ನುವ ದನಿ ಅಂದು ಸಭೆಯನ್ನು ತಲುಪಿತು. ಸಿಸಿಲಿಯ ದಿನ ಬೇಡವೆಂದ ಒಬ್ಬಿಬ್ಬರ ಹಿಂದೆ ನಿಲ್ಲಬೇಕಾದವರು ನಿಲ್ಲಲಿಲ್ಲ.

ಸಾಹಿತ್ಯದ ಪಾತ್ರ ಇಲ್ಲಿ ಬರುತ್ತದೆ. ಸಲಾಮಿಸ್ ಕದನ ಗೆದ್ದ ಎಂಟೇ ವರ್ಷಕ್ಕೆ, ಸೋತ ಶತ್ರುವಿನ ಅರಮನೆಯ ಗೋಳನ್ನು ಈಸ್ಕಿಲಸ್ ಅಥೆನ್ಸಿನವರ ಮುಂದೆ ರಂಗಕ್ಕೆ ತಂದ. ಬಿ.ಎಂ.ಶ್ರೀ. ಕನ್ನಡಕ್ಕೆ ತಂದ 'ಪಾರಸಿಕರು' ಅದೇ ನಾಟಕ. ಸಿಸಿಲಿಗೆ ಹಡಗು ಹೊರಟ ವರ್ಷವೇ ಯೂರಿಪಿಡೀಸ್ ಸೆರೆಸಿಕ್ಕ ಟ್ರಾಯ್ ನಗರದ ಹೆಂಗಸರ ನಾಟಕ ಆಡಿಸಿದ. ಅದು ಯುದ್ಧವನ್ನು ತಡೆಯಲಿಲ್ಲ. ಸಭೆಯಲ್ಲಿ ಆಡಲಾಗದ ಮಾತಿಗೆ ರಂಗದಲ್ಲಾದರೂ ಜಾಗವಿತ್ತು, ಅಷ್ಟೆ. ಆದರೆ ನೋಡುಗರು ಅಲ್ಲಿ ಅತ್ತು, ಸಭೆಗೆ ಹೋಗಿ ಸುಮ್ಮನಿರಬಹುದು.

ಆದ್ದರಿಂದ ಒಂದು ದೇಶದಲ್ಲಿ ಚುನಾವಣೆ ನಡೆಯುತ್ತದೆಯೇ ಎಂಬ ಪ್ರಶ್ನೆಯಿಂದ ಅದು ಯುದ್ಧಕ್ಕೆ ಹೋದೀತೇ ಎಂಬುದನ್ನು ಅಳೆಯಲಾಗದು. ಯುದ್ಧದ ಮಾತು ಬಂದ ದಿನ ಬೇಡವೆಂದವನು ಸಭೆಯಿಂದ ಮರ್ಯಾದೆಯಾಗಿ ಮನೆಗೆ ಮರಳಬಲ್ಲನೇ ಎಂದು ಕೇಳಬೇಕು. ಥುಸಿಡಿಡೀಸನನ್ನು ಇಂದು ಓದುವುದು ಈ ಪ್ರಶ್ನೆಗಾಗಿ.