ನೀರಿಗಿಂತ ಮೊದಲೇ ಬರಿದಾದ ಊರು

ನಾ. ಡಿಸೋಜಾ ಅವರ ಕಾದಂಬರಿಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 2002ರಲ್ಲಿ ತೆರೆಗೆ ತಂದ ‘ದ್ವೀಪ’ವನ್ನು ಅಣೆಕಟ್ಟಿನ ಕಥೆಯೆಂದೇ ಕಾಣುವುದು ವಾಡಿಕೆ. ನನ್ನ ಮಟ್ಟಿಗೆ ಅದು ನೆರೆಹೊರೆ ಕಳೆದುಕೊಂಡವರ ಕಥೆ. ಸೀತಾಪರ್ವತದ ಜನ ಪರಿಹಾರ ಪಡೆದು ಗುಡ್ಡವಿಳಿಯುತ್ತಾರೆ. ನೀರು ಸುತ್ತುವರಿಯುವ ಮೊದಲೇ ಗಣಪ-ನಾಗಿಯರ ಬದುಕು ದ್ವೀಪವಾಗಿಬಿಡುತ್ತದೆ. ತುಂಬಿದ ಊರಿನಲ್ಲಿ ಸಹಜವೆನಿಸುತ್ತಿದ್ದ ಕೃಷ್ಣನ ನೆರವು, ಬರಿದಾದ ಗುಡ್ಡದಲ್ಲಿ ಗಣಪನಿಗೆ ಸಂಶಯವಾಗುತ್ತದೆ. ಶರಾವತಿಯ ಮುಳುಗಡೆಯನ್ನು ಹತ್ತಿರದಿಂದ ಕಂಡಿದ್ದ ಸಾಗರದ ಡಿಸೋಜಾ ಅವರಿಗಲ್ಲದೆ ಈ ಸೂಕ್ಷ್ಮ ಇನ್ನಾರಿಗೆ ಹೊಳೆದೀತು?

ಕೊರತೆಯೊಂದಿದೆ. ಗುಡ್ಡ ಬಿಟ್ಟ ನೆರೆಯವರು ಎಲ್ಲಿ ಬೇರೂರಿದರು, ಹೇಗೆ ಬದುಕಿದರು ಎಂಬುದನ್ನು ಚಿತ್ರ ಹಿಂಬಾಲಿಸುವುದಿಲ್ಲ. ಅವರೇನು ದುರಾಸೆಯವರೇ? ಮಲೆನಾಡು ತೊರೆದು ಯಲಹಂಕ, ಹೆಬ್ಬಾಳಗಳಲ್ಲಿ ಬಾಡಿಗೆಮನೆ ಹಿಡಿದವರು ಈ ಚಿತ್ರದಲ್ಲಿ ತಮ್ಮನ್ನು ಹುಡುಕಿಕೊಂಡರೆ ಕಾಣುವುದು ಬೆನ್ನು ಮಾತ್ರ.